ಕೋಡಂಬಾಕ್ಕಂನಿಂದ ಲ್ಯಾಪ್‌ಟಾಪ್‌ವರೆಗೆ: ಎಲೆಕ್ಟ್ರಾನಿಕ್ ಸಂಗೀತಕ್ಕೆ ಬೇಕಾಗಿರೋದು ವೇಗ ಅಲ್ಲ, ಸಮಯಪಾಲನೆ

ಈ ವಾರದ ಮಾತಿನ ಬರಹ ರೂಪ ಇದು. ತಾಂಬರಂ–ಬೀಚ್ ಲೋಕಲ್‌ನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಓದೋರಿಗೆ ಅನುಕೂಲ ಆಗ್ಲಿ ಅಂತ ಸ್ವಲ್ಪ ತಿದ್ದಿದ್ದೀನಿ.

ಈ ಕಡೆ ತಾಂಬರಂ, ಕ್ರೋಮ್‌ಪೇಟೆ, ಪೆರುಂಗಳತ್ತೂರಿನಲ್ಲಿರೋ ನಮ್ಮವರಲ್ಲಿ ಹಾಡೋರು, ಕೀಬೋರ್ಡ್ ನುಡಿಸೋರು ಕಡಿಮೆ ಏನಿಲ್ಲ. ಹಗಲೆಲ್ಲಾ ಕೋಡ್, ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಬೀಟ್. ರಾಜ್ಯೋತ್ಸವಕ್ಕೆ ವೇದಿಕೆ ಮೇಲೆ ನುಡಿಸೋ ಆಸೆ. ಆಗ ಬರೋ ಮೊದಲ ಪ್ರಶ್ನೆ: ಇದಕ್ಕೆ ಯಾವ ಲ್ಯಾಪ್‌ಟಾಪ್ ತಗೊಳ್ಳೋದು? ಒಂದು ತಿಂಗಳ ಸಂಬಳ ಹೋಗೋ ಪ್ರಶ್ನೆ. ನಾವು ಇಂಜಿನಿಯರ್‌ಗಳು ತಕ್ಷಣ ಕೋರ್ ಎಷ್ಟು, ಗಿಗಾಹರ್ಟ್ಸ್ ಎಷ್ಟು ಅಂತ ಟೇಬಲ್ ಹಾಕ್ತೀವಿ. ಆದರೆ ಈ ಸಂಗೀತದ ಚರಿತ್ರೆ ಬೇರೆ ಮಾತು ಹೇಳುತ್ತೆ. ಆ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ನಮ್ಮ ಲೋಕಲ್ ಲೈನ್‌ನಲ್ಲೇ ನಡೆದಿದೆ.

ಕೋಡಂಬಾಕ್ಕಂ: ಹಾಲ್ ತುಂಬಾ ಜನ

ಬೀಚ್–ತಾಂಬರಂ ಲೈನ್‌ನಲ್ಲಿ ವಿದ್ಯುತ್ ರೈಲು ಓಡೋಕೆ ಶುರುವಾಗಿದ್ದು 1931ರಲ್ಲಿ. ಆಮೇಲಿನ ದಶಕಗಳಲ್ಲಿ ಇದೇ ಲೈನ್ ಮೇಲಿನ ಕೋಡಂಬಾಕ್ಕಂ ಸುತ್ತಮುತ್ತ ಸ್ಟುಡಿಯೋಗಳು ಬೆಳೆದವು. ತಮಿಳು, ತೆಲುಗು, ಮಲಯಾಳಂ ಮಾತ್ರ ಅಲ್ಲ, ಕನ್ನಡ ಚಿತ್ರರಂಗವೂ ಎಷ್ಟೋ ವರ್ಷ ಇಲ್ಲೇ ಇತ್ತು. ಡಾ. ರಾಜ್ ಕುಟುಂಬ ಇದ್ದದ್ದು ಮದ್ರಾಸಿನಲ್ಲಿ. ಪುನೀತ್ 1975ರಲ್ಲಿ ಹುಟ್ಟಿದ್ದೂ ಇದೇ ಊರಲ್ಲಿ. ನಮ್ಮ ಜಿ.ಕೆ. ವೆಂಕಟೇಶ್ ಅವರ ಹತ್ರ ಸಹಾಯಕರಾಗಿ ಕೆಲಸ ಮಾಡ್ತಾ ಪಳಗಿದವರು ಇಳಯರಾಜ. ಅಂದ್ರೆ ನಾವು ಚೆನ್ನೈಗೆ ಬಂದ ಮೊದಲ ಕನ್ನಡದ ‘ಟೆಕ್ನಿಷಿಯನ್’ಗಳೇನಲ್ಲ.

ಆಗ ಒಂದು ಹಾಡು ರೆಕಾರ್ಡ್ ಆಗೋದು ಹೇಗಿತ್ತು ಅಂತ ನೆನಪಿಟ್ಕೊಳ್ಳಿ. ಪಿಟೀಲಿನವರು, ಕೊಳಲಿನವರು, ತಬಲಾ, ಗಿಟಾರ್, ಗಾಯಕರು, ಎಲ್ಲರೂ ಒಂದೇ ಹಾಲ್‌ನಲ್ಲಿ, ಒಂದೇ ಸಲ. ಯಾರಾದ್ರೂ ಒಬ್ಬರು ಅರ್ಧ ಮಾತ್ರೆ ತಪ್ಪಿದ್ರೆ ಮತ್ತೆ ಮೊದಲಿಂದ. ಅಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸಾಮಾನು ವಾದ್ಯ ಅಲ್ಲ, ಮೈಕ್ ಅಲ್ಲ. ಹತ್ತಾರು ಜನ ಒಂದೇ ಕ್ಷಣಕ್ಕೆ ಸೇರೋ ಆ ಸಮಯಪಾಲನೆ.

ಬೆಂಗಳೂರಿನ ಪೆಟ್ಟಿಗೆ

ಎಲೆಕ್ಟ್ರಾನಿಕ್ ಸಂಗೀತ ಅಂದ ಕೂಡಲೇ ಬರ್ಲಿನ್, ಡೆಟ್ರಾಯಿಟ್ ಅಂತೀವಿ. ಆದರೆ ದಕ್ಷಿಣ ಭಾರತದಲ್ಲಿ ಅತಿ ಹೆಚ್ಚು ವೇದಿಕೆ ಹತ್ತಿದ ಎಲೆಕ್ಟ್ರಾನಿಕ್ ವಾದ್ಯಗಳಲ್ಲಿ ಒಂದು ನಮ್ಮ ಬೆಂಗಳೂರಿನದು. ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದ, ಕೊಳಲು ನುಡಿಸ್ತಿದ್ದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದ್ರು. ರೇಡೆಲ್ ಕಂಪನಿ ಬೆಳೆದದ್ದು ಹಾಗೆ. ಆಮೇಲೆ ಎಲೆಕ್ಟ್ರಾನಿಕ್ ತಬಲಾನೂ ಬಂತು. ಇವತ್ತು ಡಿಸೆಂಬರ್ ಸೀಸನ್‌ನಲ್ಲಿ ಮೈಲಾಪುರದ ಯಾವ ಸಭಾಗೆ ಹೋದ್ರೂ ಗಾಯಕರ ಪಕ್ಕದಲ್ಲಿ ಅಂಥದ್ದೊಂದು ಪೆಟ್ಟಿಗೆಯನ್ನೋ, ಅದೇ ಕೆಲಸ ಮಾಡೋ ಫೋನ್ ಆ್ಯಪನ್ನೋ ನೋಡಬಹುದು.

ಆ ಪೆಟ್ಟಿಗೆ ಮಾಡ್ತಿದ್ದದ್ದು ಒಂದೇ ಕೆಲಸ. ಆದರೆ ಮೂರು ಗಂಟೆ ಕಛೇರಿಯಲ್ಲಿ ಒಂದು ಸಲವೂ ನಿಲ್ಲಬಾರದು, ಶ್ರುತಿ ಜಾರಬಾರದು. ತಂಬೂರಿ ತಂತಿ ಸೆಕೆಗೆ, ತೇವಕ್ಕೆ ಸಡಿಲ ಆಗುತ್ತೆ, ಪೆಟ್ಟಿಗೆ ಆಗಬಾರದು. ವೇದಿಕೆ ಉಪಕರಣಕ್ಕೆ ಇದೇ ಮೊದಲ ನಿಯಮ: ಎಷ್ಟು ಮಾಡುತ್ತೆ ಅನ್ನೋದಲ್ಲ, ಎಂದೂ ಕೈಕೊಡದೆ ಏನು ಮಾಡುತ್ತೆ ಅನ್ನೋದು.

1983: ಯಂತ್ರಗಳು ಮಾತಾಡೋಕೆ ಕಲಿತದ್ದು

1983ರಲ್ಲಿ ಮಿಡಿ ಬಂತು. ಅಮೆರಿಕದ ಡೇವ್ ಸ್ಮಿತ್, ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೋ ಕಾಕೆಹಾಶಿ ಮುಂದೆ ನಿಂತು ಬೇರೆ ಬೇರೆ ಕಂಪನಿಗಳ ಸಿಂಥಸೈಜರ್‌ಗಳು ಒಂದೇ ಭಾಷೆ ಆಡೋ ಹಾಗೆ ಮಾಡಿದ್ರು. ಆ ಕೇಬಲ್‌ನಲ್ಲಿ ಶಬ್ದ ಹೋಗಲ್ಲ. ‘ಈ ಸ್ವರ ಈಗ ಒತ್ತಿದ್ರು, ಇಷ್ಟು ಜೋರಾಗಿ’ ಅನ್ನೋ ಸುದ್ದಿ ಮಾತ್ರ ಹೋಗುತ್ತೆ. ವೇಗ ಸೆಕೆಂಡಿಗೆ 31,250 ಬಿಟ್. ಒಂದು ಸ್ವರದ ಸುದ್ದಿ ತಲುಪೋಕೆ ಹೆಚ್ಚುಕಡಿಮೆ 1 ಮಿಲಿಸೆಕೆಂಡ್. ನಮ್ಮ ಕಣ್ಣಿಗೆ ಇದು ಆಮೆ. ಆದರೂ 4 ದಶಕ ಬಾಳಿತು, ಯಾಕಂದ್ರೆ ಅದರ ತಡ ಎಷ್ಟು ಅಂತ ಮೊದಲೇ ಗೊತ್ತು.

1985ರಲ್ಲಿ ಬಂದ ಅಟಾರಿ ಎಸ್‌ಟಿ ಕಂಪ್ಯೂಟರ್‌ನಲ್ಲಿ ಮಿಡಿ ಪೋರ್ಟ್ ಒಳಗೇ ಇತ್ತು. ಪ್ರೊಸೆಸರ್ ಬರೀ 8 ಮೆಗಾಹರ್ಟ್ಸ್. ಆದರೆ ಅದರ ತಾಳ ಕಲ್ಲಿನ ಹಾಗೆ ಗಟ್ಟಿ ಅಂತ ಹೆಸರು. ನೂರು ಪಟ್ಟು ವೇಗದ ಪಿಸಿ ಬಂದ ಮೇಲೂ ಎಷ್ಟೋ ಜನ ಅದನ್ನ ಬಿಡಲಿಲ್ಲ. ಕಾರಣ ಸರಳ: ಸಂಗೀತ ನಡೀತಿರುವಾಗ ಅದರ ಹಿನ್ನೆಲೆಯಲ್ಲಿ ಬೇರೆ ಏನೂ ಓಡ್ತಿರಲಿಲ್ಲ. 1989ರಲ್ಲಿ ಅಟಾರಿ ಅದನ್ನೇ ಮಡಚಿ ‘ಸ್ಟೇಸಿ’ ಅಂತ ಹೊತ್ತೊಯ್ಯೋ ಮಾದರಿ ತಂತು. ಬ್ಯಾಟರಿ ಮಾತ್ರ ಹೆಸರಿಗಷ್ಟೇ. ಗೋಡೆ ಸಾಕೆಟ್ಟೇ ಗತಿ.

ಹಿತ್ತಲಿನ ಸ್ಟುಡಿಯೋ

ಮತ್ತೆ ಕೋಡಂಬಾಕ್ಕಂಗೆ ಬನ್ನಿ. 1986ರ ‘ಪುನ್ನಗೈ ಮನ್ನನ್’ ಚಿತ್ರಕ್ಕೆ ಇಳಯರಾಜ ಮಾಡಿದ ಥೀಮ್‌ನ ಜನ ‘ಕಂಪ್ಯೂಟರ್ ಸಂಗೀತ’ ಅಂತಲೇ ಗುರುತಿಸಿದ್ರು. ಅವರ ತಂಡದಲ್ಲಿ ಹುಡುಗನಾಗಿ ಕೀಬೋರ್ಡ್ ನುಡಿಸ್ತಿದ್ದ ದಿಲೀಪ್ ಮುಂದೆ ಎ.ಆರ್. ರೆಹಮಾನ್ ಆಗಿ, ಕೋಡಂಬಾಕ್ಕಂನ ಮನೆ ಹಿತ್ತಲಲ್ಲೇ ಪಂಚತನ್ ರೆಕಾರ್ಡ್ ಇನ್ ಕಟ್ಟಿಕೊಂಡ್ರು. 1992ರ ‘ರೋಜಾ’ ಹುಟ್ಟಿದ್ದು ಅಲ್ಲಿ.

ಇಲ್ಲಿ ಬದಲಾದದ್ದು ಶಬ್ದ ಮಾತ್ರ ಅಲ್ಲ, ಕೆಲಸದ ಕ್ರಮ. ಮೊದಲು ಯಂತ್ರದಲ್ಲಿ ತಾಳದ ಚೌಕಟ್ಟು, ಆಮೇಲೆ ಒಬ್ಬೊಬ್ಬರೇ ಬಂದು ನುಡಿಸೋದು, ಹಾಡೋದು, ಕೊನೆಗೆ ಆರಿಸಿ ಜೋಡಿಸೋದು. ಎಲ್ಲರೂ ಒಂದೇ ಕ್ಷಣಕ್ಕೆ ಸೇರಬೇಕಾಗಿಲ್ಲ. ಆ ಕ್ಷಣವನ್ನ ಸೀಕ್ವೆನ್ಸರ್ ಕಾಯುತ್ತೆ. ಇದರಿಂದ ಒಬ್ಬ ಮನುಷ್ಯ ಹಿತ್ತಲಲ್ಲಿ ಕೂತು ಒಂದು ಹಾಲ್‌ನ ಕೆಲಸ ಮಾಡೋ ಹಾಗಾಯ್ತು. ಇದರಿಂದಲೇ ಆ ಹಾಲ್‌ನಲ್ಲಿ ದಿನಗೂಲಿಗೆ ಪಿಟೀಲು ಹಿಡಿದು ಕೂರ್ತಿದ್ದವರ ಕೆಲಸವೂ ಕಮ್ಮಿ ಆಯ್ತು. ಎರಡೂ ನಿಜ. ಇವತ್ತು ಎಐ ಬಗ್ಗೆ ಆಫೀಸ್ ಕ್ಯಾಂಟೀನ್‌ನಲ್ಲಿ ನಾವು ಪಡ್ತಿರೋ ಆತಂಕವನ್ನ ಕೋಡಂಬಾಕ್ಕಂ ನಮಗಿಂತ ಮೂರು ದಶಕ ಮೊದಲೇ ಪಟ್ಟಿದೆ. ನಾವು ಕೊಳ್ಳೋ ಲ್ಯಾಪ್‌ಟಾಪ್ ಒಳಗೆ ಅಷ್ಟು ಜನರ ಕುರ್ಚಿಗಳು ಮಡಚಿ ಕೂತಿವೆ ಅನ್ನೋದು ನೆನಪಿರಲಿ. ಅವರಲ್ಲೊಬ್ಬರನ್ನ ನಿಮ್ಮ ಹಾಡಿಗೆ ನಿಜವಾಗಿ ನುಡಿಸೋಕೆ ಕರೆದ್ರೆ ಹಾಡೂ ಚೆನ್ನಾಗಿರುತ್ತೆ.

ಲ್ಯಾಪ್‌ಟಾಪ್ ವೇದಿಕೆ ಹತ್ತಿದ್ದು

1996ರಲ್ಲಿ ಸ್ಟೈನ್‌ಬರ್ಗ್ ಕಂಪನಿ ವಿಎಸ್‌ಟಿ ತಂತು. ವಾದ್ಯ, ಎಫೆಕ್ಟ್ ಎಲ್ಲಾ ಸಾಫ್ಟ್‌ವೇರ್ ಆಗೋ ದಾರಿ ಅದು. ಮರುವರ್ಷ ಬಂದ ಎಎಸ್‌ಐಒ ಡ್ರೈವರ್, ವಿಂಡೋಸ್‌ನ ಮಾಮೂಲಿ ಶಬ್ದದ ದಾರಿಯನ್ನ ಬಿಟ್ಟು ನೇರವಾಗಿ ಕಾರ್ಡ್ ಜೊತೆ ಮಾತಾಡ್ತು. 2001ರಲ್ಲಿ ಬರ್ಲಿನ್‌ನಿಂದ ಏಬಲ್ಟನ್ ಲೈವ್ ಬಂತು. ಹೆಸರೇ ಹೇಳೋ ಹಾಗೆ ವೇದಿಕೆ ಮೇಲೆ ನುಡಿಸೋಕೆ ಅಂತಲೇ ಮಾಡಿದ್ದು. 2002ರಲ್ಲಿ ಆ್ಯಪಲ್, ಲಾಜಿಕ್ ಮಾಡ್ತಿದ್ದ ಎಮ್ಯಾಜಿಕ್ ಕಂಪನಿಯನ್ನ ಕೊಂಡು ಅದರ ವಿಂಡೋಸ್ ಆವೃತ್ತಿ ನಿಲ್ಲಿಸಿತು. ಅಲ್ಲಿಂದ ಲಾಜಿಕ್ ಬೇಕು ಅಂದ್ರೆ ಮ್ಯಾಕ್ ಬೇಕು. ಇದರ ಪಾಠ: ಮೊದಲು ಸಾಫ್ಟ್‌ವೇರ್ ಆರಿಸಿ, ಆಮೇಲೆ ಯಂತ್ರ.

ಈಗ ವಿಡಿಯೋದಲ್ಲಿ ಬೋರ್ಡ್ ಮೇಲೆ ಹಾಕಿದ ಲೆಕ್ಕ. ಕಂಪ್ಯೂಟರ್ ಶಬ್ದವನ್ನ ಒಂದೊಂದು ತುತ್ತಾಗಿ ಲೆಕ್ಕ ಹಾಕುತ್ತೆ. ಆ ತುತ್ತೇ ಬಫರ್. ಸೆಕೆಂಡಿಗೆ 44,100 ಸ್ಯಾಂಪಲ್ ಇದ್ದಾಗ 128ರ ಬಫರ್ ಅಂದ್ರೆ 2.9 ಮಿಲಿಸೆಕೆಂಡ್. 1,024 ಅಂದ್ರೆ 23 ಮಿಲಿಸೆಕೆಂಡ್. ಗಾಳಿಯಲ್ಲಿ ಶಬ್ದ 1 ಮೀಟರ್ ಸಾಗೋಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದ್ರೆ 1,024ರ ಬಫರ್ ಇಟ್ಟು ನುಡಿಸೋದು, ಮೃದಂಗದವರನ್ನ 8 ಮೀಟರ್ ದೂರ ಕೂರಿಸಿ ಅವರ ತಾಳಕ್ಕೆ ಹಾಡಿದ ಹಾಗೆ.

128ರ ಬಫರ್‌ನಲ್ಲಿ ಪ್ರೊಸೆಸರ್‌ಗೆ ಪ್ರತಿ 2.9 ಮಿಲಿಸೆಕೆಂಡಿಗೆ ಒಂದು ಡೆಡ್‌ಲೈನ್. ಸೆಕೆಂಡಿಗೆ 344 ಡೆಡ್‌ಲೈನ್. ಒಂದು ತಪ್ಪಿದ್ರೂ ಸ್ಪೀಕರ್‌ನಲ್ಲಿ ‘ಟಪ್’. ವೈಫೈ ಡ್ರೈವರ್ ಒಂದು ಕ್ಷಣ ಸಿಪಿಯು ಹಿಡಿದುಕೊಂಡ್ರೆ ಸಾಕು, ಹಾಡು ಕೆಟ್ಟಿತು. ಸರ್ವರ್ ಕೆಲಸ ಮಾಡೋರಿಗೆ ಒಂದೇ ಮಾತಲ್ಲಿ ಹೇಳೋದಾದ್ರೆ: ಸರಾಸರಿ ನೋಡಬೇಡಿ, ಅತಿ ಕೆಟ್ಟ ಕ್ಷಣ ನೋಡಿ.

ಹಾಗಾದ್ರೆ ಏನು ತಗೊಳ್ಳೋದು

ಮೊದಲು ಮಾಡೋದು, ನುಡಿಸೋದು ಎರಡನ್ನೂ ಬೇರೆ ಮಾಡಿ. ಮನೆಯಲ್ಲಿ ಸಂಗೀತ ಮಾಡೋದು ರೋಜಾ ದಾರಿ: ದೊಡ್ಡ ಬಫರ್ ಇಟ್ಟು ಮಿಕ್ಸ್ ಮಾಡಬಹುದು, ತಪ್ಪಿದ್ರೆ ಮತ್ತೆ ಮಾಡಬಹುದು. ಅದಕ್ಕೆ ಬೇಕಾಗಿರೋದು ಮೆಮೊರಿ ಮತ್ತು ಎಸ್‌ಎಸ್‌ಡಿ. ಪಿಟೀಲು, ವೀಣೆಯ ಸ್ಯಾಂಪಲ್‌ಗಳು ಗಿಗಾಬೈಟ್‌ಗಟ್ಟಲೆ ತಿನ್ನುತ್ತವೆ. 16 ಜಿಬಿ ರ‍್ಯಾಮ್‌ಗಿಂತ ಕೆಳಗೆ ಹೋಗಬೇಡಿ, ಆಮೇಲೆ ಹಾಕೋಕೆ ಆಗದ ಮಾದರಿಯಾದ್ರೆ ಈಗಲೇ ಯೋಚನೆ ಮಾಡಿ. ವೇದಿಕೆ ಮೇಲೆ ನುಡಿಸೋದು ತಂಬೂರಿ ಪೆಟ್ಟಿಗೆಯ ದಾರಿ: ಕಮ್ಮಿ ಕೆಲಸ, ಆದರೆ ಕೈಕೊಡಬಾರದು. ಅಲ್ಲಿ ಒಂದೊಂದು ಕೋರ್‌ನ ಶಕ್ತಿ, ಒಳ್ಳೆ ಡ್ರೈವರ್ ಮುಖ್ಯ. ಒಂದು ಟ್ರ್ಯಾಕ್‌ನ ಎಫೆಕ್ಟ್ ಸರಪಳಿ ಸಾಮಾನ್ಯವಾಗಿ ಒಂದೇ ಕೋರ್‌ನಲ್ಲಿ ಓಡೋದ್ರಿಂದ 16 ಕೋರ್ ಇದ್ರೂ ಉಳಿದವು ಸುಮ್ಮನೆ ನೋಡ್ತಿರಬಹುದು. ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್‌ಗೆ ಕೊಡೋ ದುಡ್ಡನ್ನ ಒಂದು ಒಳ್ಳೆ ಆಡಿಯೋ ಇಂಟರ್‌ಫೇಸ್‌ಗೆ ಹಾಕಿ.

ಇನ್ನು ಚೆನ್ನೈ ಸೆಕೆ. ಮೇ ತಿಂಗಳಲ್ಲಿ ಎಸಿ ಇಲ್ಲದ ಸಭಾಂಗಣದಲ್ಲಿ ತೆಳ್ಳಗಿನ ಲ್ಯಾಪ್‌ಟಾಪ್ ಬಿಸಿಯಾದ್ರೆ ತಾನೇ ವೇಗ ಇಳಿಸುತ್ತೆ. ಫ್ಯಾನ್ ಕೂಗಿದ್ರೆ ಆ ಸದ್ದು ಮೈಕ್‌ಗೂ ಹೋಗುತ್ತೆ. 2020ರಲ್ಲಿ ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್ ಫ್ಯಾನ್ ಇಲ್ಲದೆ ಬಂದಾಗ ಸಂಗೀತದವರು ಖುಷಿಪಟ್ಟದ್ದು ಅದಕ್ಕೇ. ಆದರೆ ಫ್ಯಾನ್ ಇಲ್ಲ ಅಂದ್ರೆ ಬಿಸಿ ಇಲ್ಲ ಅಂತಲ್ಲ. ಒಂದು ಗಂಟೆ ಭಾರ ಹಾಕಿ ನೋಡದೆ ವೇದಿಕೆಗೆ ಒಯ್ಯಬೇಡಿ. ಚಾರ್ಜರ್ ಹಾಕಿದಾಗ ಸ್ಪೀಕರ್‌ನಲ್ಲಿ ಗುಂಯ್ ಅಂದ್ರೆ ಬ್ಯಾಟರಿ ಮೇಲೆ ನುಡಿಸಬೇಕಾಗುತ್ತೆ. ಬ್ಯಾಟರಿಯಲ್ಲಿ ಓಡುವಾಗ ಪ್ರೊಸೆಸರ್ ನಿಧಾನ ಆಗುತ್ತಾ ಅನ್ನೋದನ್ನ ಮನೆಯಲ್ಲೇ ನೋಡ್ಕೊಳ್ಳಿ.

ಒಂದು ಕೊನೆ ಮಾತು, ನಮ್ಮ ಸಂಗೀತದವರಿಗೆ. ಮಿಡಿ ಹುಟ್ಟಿದ್ದು ಪಿಯಾನೋ ಮನೆಯ ಕಲ್ಪನೆಯಲ್ಲಿ. ಅಲ್ಲಿ ಸ್ವರ ಅಂದ್ರೆ ಮೆಟ್ಟಿಲು. ನಮ್ಮಲ್ಲಿ ಸ್ವರ ಅಂದ್ರೆ ಉಯ್ಯಾಲೆ. ತೋಡಿಯ ಗಾಂಧಾರ ಒಂದು ಕೀಲಿಯಲ್ಲಿ ಕೂರಲ್ಲ. ಹಳೇ ಮಿಡಿಯಲ್ಲಿ ಒಂದು ಸ್ವರ ಜಾರಿಸಿದ್ರೆ ಆ ಚಾನೆಲ್‌ನ ಎಲ್ಲಾ ಸ್ವರವೂ ಜೊತೆಗೆ ಜಾರುತ್ತೆ. ರೆಹಮಾನ್ ಹೇಕನ್ ಕಂಟಿನ್ಯುಯಂ ಅನ್ನೋ, ಕೀಲಿಗಳಿಲ್ಲದೆ ಬೆರಳು ಜಾರಿಸಿ ನುಡಿಸೋ ವಾದ್ಯದ ಕಡೆ ಹೋಗಿದ್ದು, 2009ರ ‘ಡೆಲ್ಲಿ-6’ರಲ್ಲಿ ಅದನ್ನ ಬಳಸಿದ್ದು ಇದೇ ಕೊರತೆಯ ಹಿನ್ನೆಲೆಯಲ್ಲಿ ಅರ್ಥ ಆಗುತ್ತೆ. 2018ರಲ್ಲಿ ಪ್ರತಿ ಸ್ವರಕ್ಕೂ ಬೇರೆ ಜಾರು ಕೊಡೋ ಎಂಪಿಇ ಕ್ರಮ ಅಧಿಕೃತ ಆಯ್ತು. ಗಮಕ ಬೇಕಾದವರು ಲ್ಯಾಪ್‌ಟಾಪ್ ಒಂದು ಮೆಟ್ಟಿಲು ಕೆಳಗಿನದ್ದು ತಗೊಂಡು, ಉಳಿದ ದುಡ್ಡಲ್ಲಿ ಎಂಪಿಇ ಗೊತ್ತಿರೋ ಕೀಬೋರ್ಡ್ ತಗೊಳ್ಳೋದು ಮೇಲು.

ಆದ್ದರಿಂದ ರಿಚಿ ಸ್ಟ್ರೀಟ್‌ಗೋ ಮೌಂಟ್ ರೋಡ್‌ಗೋ ಹೋಗೋ ಮುಂಚೆ ಮೂರು ಸಾಲು ಬರ್ಕೊಳ್ಳಿ: ಯಾವ ಸಾಫ್ಟ್‌ವೇರ್, ಮನೆಗಾ ವೇದಿಕೆಗಾ, ಯಾವ ಬಫರ್‌ನಲ್ಲಿ ಒಂದು ಗಂಟೆ ಟಪ್ ಅನ್ನದೆ ಓಡಬೇಕು. ಅಂಗಡಿಯವರು ಗಿಗಾಹರ್ಟ್ಸ್ ಹೇಳ್ತಾರೆ. ನೀವು ತಾಳ ಕೇಳಿ.