ಡಿಫಾಲ್ಟ್ ಆಯ್ಕೆ ಮತ್ತು ಹೊರಬರುವ ದಾರಿ

ಬಳಕೆದಾರ ಏನೂ ಮಾಡದೆ ಸುಮ್ಮನಿದ್ದರೆ ಯಾವುದು ತಾನಾಗಿಯೇ ಜಾರಿಗೆ ಬರುತ್ತದೋ ಅದು ಡಿಫಾಲ್ಟ್ ಆಯ್ಕೆ. ವರ್ತನಾ ಅರ್ಥಶಾಸ್ತ್ರದಲ್ಲಿ ಇದರಷ್ಟು ಪರೀಕ್ಷೆಗೆ ಒಳಗಾದ ಉಪಾಯ ಇನ್ನೊಂದು ಇರಲಾರದು. ಅದು ನೌಕರನ ನಿವೃತ್ತಿ ಖಾತೆಗೆ ಹಣ ತುಂಬಿಸಿದರೆ ಅದನ್ನು ‘ನಡ್ಜ್’ ಎನ್ನುತ್ತೇವೆ. ಬೇಡದ ಚಂದಾಕ್ಕೆ ತಿಂಗಳು ತಿಂಗಳೂ ಹಣ ಎಳೆದರೆ ‘ಡಾರ್ಕ್ ಪ್ಯಾಟರ್ನ್’ ಎನ್ನುತ್ತೇವೆ. ಎರಡನ್ನೂ ಬೇರ್ಪಡಿಸಲು ಸಾಮಾನ್ಯವಾಗಿ ವಿನ್ಯಾಸಕಾರನ ಉದ್ದೇಶವನ್ನು ಕೇಳುತ್ತಾರೆ: ಲಾಭ ಯಾರಿಗೆ? ಆದರೆ ಉದ್ದೇಶ ಪರದೆಯ ಮೇಲೆ ಕಾಣುವ ವಸ್ತುವಲ್ಲ. ಪರದೆಯ ಮೇಲೆ ಕಾಣುವುದು, ಎಣಿಸಲು ಸಿಗುವುದು ಹೊರಬರುವ ದಾರಿ. ಸಂಶೋಧಕರೂ ನಿಯಂತ್ರಕರೂ ಮೊದಲು ಅಳೆಯಬೇಕಾದದ್ದು ಅದನ್ನೇ ಎಂಬುದು ಈ ಟಿಪ್ಪಣಿಯ ವಾದ.

ವಾದ ಪೂರ್ತಿ ಹೊಸದಲ್ಲ. ರಿಚರ್ಡ್ ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ 2008ರ ತಮ್ಮ ಪುಸ್ತಕದಲ್ಲಿ ನಡ್ಜ್ ಎಂಬುದನ್ನು ವಿವರಿಸುವಾಗಲೇ ಒಂದು ಷರತ್ತು ಹಾಕಿದ್ದರು: ಅದನ್ನು ತಪ್ಪಿಸಿಕೊಳ್ಳುವುದು ಸುಲಭವಾಗಿರಬೇಕು, ಅಗ್ಗವಾಗಿರಬೇಕು. ಪುಸ್ತಕ ಜನಪ್ರಿಯವಾಯಿತು, ಸರ್ಕಾರಗಳು ಅದಕ್ಕಾಗಿ ಘಟಕಗಳನ್ನೇ ತೆರೆದವು, ಷರತ್ತು ಮಾತ್ರ ಹಿಂದೆ ಬಿತ್ತು. ವಿನ್ಯಾಸಕಾರ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಡಾರ್ಕ್ ಪ್ಯಾಟರ್ನ್‌ಗಳನ್ನು ಹೆಸರಿಟ್ಟು ಪಟ್ಟಿ ಮಾಡತೊಡಗಿದರು. ಥೇಲರ್ ಕೂಡ 2018ರಲ್ಲಿ ‘ಸೈನ್ಸ್’ ಪತ್ರಿಕೆಯ ಒಂದು ಪುಟದ ಬರಹದಲ್ಲಿ, ಜನರನ್ನು ಕೆಸರಿನಲ್ಲಿ ಸಿಕ್ಕಿಸುವಂಥ ಅಡೆತಡೆಗಳನ್ನು ‘ಸ್ಲಡ್ಜ್’ ಎಂದು ಕರೆದು ಹಳೆಯ ಷರತ್ತಿನ ಹತ್ತಿರಕ್ಕೆ ಮರಳಿದರು.

ಡಿಫಾಲ್ಟ್‌ನ ಬಲ ತೋರಿಸಲು ಎಲ್ಲರೂ ಉಲ್ಲೇಖಿಸುವುದು ಬ್ರಿಜಿಟ್ ಮ್ಯಾಡ್ರಿಯನ್ ಮತ್ತು ಡೆನಿಸ್ ಶೇ 2001ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ ಒಂದು ಕಂಪನಿ ಹೊಸ ನೌಕರರನ್ನು ನಿವೃತ್ತಿ ಉಳಿತಾಯ ಯೋಜನೆಗೆ ತಾನಾಗಿಯೇ ಸೇರಿಸತೊಡಗಿದ ಮೇಲೆ ಭಾಗವಹಿಸುವಿಕೆ ಶೇ. 86ಕ್ಕೆ ಏರಿತು. ಅದಕ್ಕೆ ಮೊದಲು ಸೇರಿದ್ದ, ಹೋಲಿಕೆಗೆ ಯೋಗ್ಯರಾದ ನೌಕರರಲ್ಲಿ ಅದು ಶೇ. 49 ಇತ್ತು. ಈ ಎರಡು ಅಂಕಿ ಎಲ್ಲೆಡೆ ಓಡಾಡುತ್ತವೆ. ಅದೇ ಪ್ರಬಂಧದ ಇನ್ನರ್ಧ ಅಷ್ಟಾಗಿ ಓಡಾಡುವುದಿಲ್ಲ. ಹೀಗೆ ತಾನಾಗಿಯೇ ಸೇರಿಸಲ್ಪಟ್ಟವರಲ್ಲಿ ಹೆಚ್ಚಿನವರು ಕಂಪನಿ ಇಟ್ಟ ಶೇ. 3ರ ಕೊಡುಗೆಯಲ್ಲೇ, ಅದೇ ಆರಿಸಿದ ಕಡಿಮೆ ಇಳುವರಿಯ ನಿಧಿಯಲ್ಲೇ ಉಳಿದರು. ತಾವಾಗಿ ಆರಿಸಿಕೊಳ್ಳುವ ಕಾಲದಲ್ಲಿ ಆ ಜೋಡಿಯನ್ನು ಆರಿಸಿದವರು ತೀರ ವಿರಳ. ಅಂದರೆ ಒಳ್ಳೆಯ ಉದ್ದೇಶದ ಡಿಫಾಲ್ಟ್ ಕೂಡ ಕೆಲವರನ್ನು ಅವರಿಗೆ ಒಗ್ಗದ ಜಾಗದಲ್ಲಿ ಕೂರಿಸಿತು. ಇಲ್ಲಿ ಹೊರಬರಲು ಯಾರೂ ಅಡ್ಡ ನಿಂತಿರಲಿಲ್ಲ ಎಂಬುದನ್ನು ಗಮನಿಸಬೇಕು. ಜಡತೆಯೊಂದೇ ಇಷ್ಟು ಕೆಲಸ ಮಾಡುವುದಾದರೆ, ಅದರ ಮೇಲೆ ಅಡೆತಡೆಯನ್ನೂ ಪೇರಿಸಿದರೆ ಏನಾದೀತು?

ಎರಡನೆಯ ಪ್ರಸಿದ್ಧ ಉದಾಹರಣೆ ಅಂಗಾಂಗ ದಾನದ್ದು. ಎರಿಕ್ ಜಾನ್ಸನ್ ಮತ್ತು ಡ್ಯಾನಿಯಲ್ ಗೋಲ್ಡ್‌ಸ್ಟೀನ್ 2003ರಲ್ಲಿ ಯುರೋಪಿನ ದೇಶಗಳನ್ನು ಹೋಲಿಸಿದರು. ಜರ್ಮನಿಯಲ್ಲಿ ಒಪ್ಪಿಗೆ ಶೇ. 12, ಪಕ್ಕದ ಆಸ್ಟ್ರಿಯಾದಲ್ಲಿ ಶೇ. 99ಕ್ಕೂ ಮೇಲೆ. ಆಸ್ಟ್ರಿಯಾದಲ್ಲಿ ಬೇಡವೆನ್ನದ ಪ್ರತಿಯೊಬ್ಬರನ್ನೂ ಒಪ್ಪಿದವರೆಂದೇ ಕಾನೂನು ಎಣಿಸುತ್ತದೆ. ಕಡತದ ಒಪ್ಪಿಗೆಯ ಈ ಅಂತರ ಆಸ್ಪತ್ರೆಯಲ್ಲಿ ನಡೆದ ದಾನಗಳಲ್ಲಿ ಅಷ್ಟೇ ಪ್ರಮಾಣದಲ್ಲಿ ಕಾಣುವುದಿಲ್ಲ. ಸ್ಪೇನ್ ಹತ್ತಾರು ವರ್ಷ ಮುಂಚೂಣಿಯಲ್ಲಿರುವುದಕ್ಕೆ ಅಲ್ಲಿನ ತಜ್ಞರು ಕೊಡುವ ಕಾರಣ ಇದೇ ಬಗೆಯ 1979ರ ಕಾನೂನಲ್ಲ. 1989ರಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಥೆ ಮತ್ತು ಆಸ್ಪತ್ರೆ ಆಸ್ಪತ್ರೆಯಲ್ಲೂ ಕುಟುಂಬದವರೊಡನೆ ಕೂತು ಮಾತಾಡುವ ಸಂಯೋಜಕರು. ಸುಮ್ಮನಿದ್ದವರ ಸಂಖ್ಯೆಯನ್ನು ಒಪ್ಪಿದವರ ಸಂಖ್ಯೆಯೆಂದು ಓದುವ ಈ ಅಭ್ಯಾಸವೇ ಡಿಜಿಟಲ್ ವ್ಯಾಪಾರಕ್ಕೆ ಬಂದು ‘ಸಕ್ರಿಯ ಚಂದಾದಾರರು’ ಎಂಬ ಅಂಕಿಯಾಗಿದೆ. ಆ ಅಂಕಿಯೊಳಗೆ ಬೇಕೆಂದು ಉಳಿದವರೆಷ್ಟು, ಬಿಡಲಾಗದೆ ಉಳಿದವರೆಷ್ಟು ಎಂಬುದು ಗೊತ್ತಾಗುವುದಿಲ್ಲ.

ಬಿಡುವುದು ಎಷ್ಟು ಕಷ್ಟವಾಗಬಹುದು ಎಂಬುದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನ್‌ನಲ್ಲಿ ಅಮೆಜಾನ್ ಮೇಲೆ ಹೂಡಿದ ದಾವೆ ಒಳ್ಳೆಯ ದಾಖಲೆ. ಆಯೋಗದ ದೂರಿನ ಪ್ರಕಾರ, ಪ್ರೈಮ್ ಸದಸ್ಯತ್ವಕ್ಕೆ ಸೇರಲು ಒಂದೆರಡು ಕ್ಲಿಕ್ ಸಾಕಿತ್ತು. ಬಿಡಲು 4 ಪುಟ, 6 ಕ್ಲಿಕ್, 15 ಆಯ್ಕೆಗಳನ್ನು ದಾಟಬೇಕಿತ್ತು. ಮೊದಲು ರದ್ದತಿಯ ಕೊಂಡಿಯನ್ನೇ ಹುಡುಕಬೇಕು. ಸಿಕ್ಕ ಮೇಲೆ, ಈವರೆಗೆ ಪಡೆದ ಸವಲತ್ತುಗಳನ್ನು ನೆನಪಿಸುವ ಪುಟ. ಅದು ಮುಗಿದರೆ ರಿಯಾಯಿತಿಯ, ಬೇರೆ ಬಗೆಯ ಚಂದಾದ ಆಹ್ವಾನ. ಪುಟ ಪುಟದಲ್ಲೂ ಹಿಂದಕ್ಕೆ ಕರೆದೊಯ್ಯುವ ಗುಂಡಿಗಳು. ನಡುವೆ ಒಂದನ್ನು ಒತ್ತಿದರೂ ರದ್ದತಿ ಅಲ್ಲಿಗೇ ನಿಲ್ಲುತ್ತದೆ. ಈ ಹಾದಿಗೆ ಕಂಪನಿಯೊಳಗೆ ಇದ್ದ ಹೆಸರು ‘ಇಲಿಯಡ್’, ದೀರ್ಘ ಯುದ್ಧದ ಕಥೆ ಹೇಳುವ ಹೋಮರನ ಮಹಾಕಾವ್ಯದ್ದು. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ತಪ್ಪನ್ನು ಒಪ್ಪಿಕೊಳ್ಳದೆ 250 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ಮರಳಿಸಬೇಕಾದ ಹಣ. ಮೊತ್ತಕ್ಕಿಂತ ಆ 4, 6, 15 ಎಂಬ ಎಣಿಕೆ ನನಗೆ ಮುಖ್ಯ. ಉದ್ದೇಶದ ಬಗ್ಗೆ ಎರಡೂ ಕಡೆಯ ವಕೀಲರು ವರ್ಷಗಟ್ಟಲೆ ವಾದಿಸಬಹುದು. ಪುಟಗಳ ಸಂಖ್ಯೆಯ ಬಗ್ಗೆ ವಾದಿಸಲು ಹೆಚ್ಚೇನೂ ಉಳಿಯುವುದಿಲ್ಲ.

ಶೈಕ್ಷಣಿಕ ಸಂಶೋಧನೆ ಈ ಎಣಿಕೆಯಲ್ಲಿ ಹಿಂದಿದೆ. ಅರುಣೇಶ್ ಮಾಥುರ್ ಮತ್ತು ಸಂಗಡಿಗರು 2019ರಲ್ಲಿ ಸುಮಾರು 11 ಸಾವಿರ ಖರೀದಿ ತಾಣಗಳನ್ನು ಯಂತ್ರದ ಮೂಲಕ ಜಾಲಾಡಿ 1,818 ಡಾರ್ಕ್ ಪ್ಯಾಟರ್ನ್‌ಗಳನ್ನು ಗುರುತಿಸಿದರು. ಕ್ಷೇತ್ರಕ್ಕೆ ಅಡಿಪಾಯ ಹಾಕಿದ ಕೆಲಸ ಅದು. ಆದರೆ ಯಂತ್ರ ನೋಡಿದ್ದು ಸರಕಿನ ಪುಟ, ಬುಟ್ಟಿ, ಪಾವತಿಯ ಹೊಸ್ತಿಲು. ಹಣ ಕೊಟ್ಟು ಒಳಗೆ ಹೋದ ಮೇಲಿನ ಲೋಕ ಅದರ ಕಣ್ಣಿಗೆ ಬೀಳುವಂತಿರಲಿಲ್ಲ. ಹಾಗಾಗಿ ಅವಸರಪಡಿಸುವ ಗಡಿಯಾರಗಳು, ‘ಇನ್ನು ಎರಡೇ ಉಳಿದಿವೆ’ ಎಂಬ ಬಗೆಯ ಸೂಚನೆಗಳು ಹೇರಳವಾಗಿ ಸಿಕ್ಕವು, ರದ್ದತಿಯ ತೊಡಕು ಸಣ್ಣ ಪಾಲಾಯಿತು. ಈ ಹಂಚಿಕೆಯನ್ನು ಓದುವಾಗ ಬಲೆ ಬೀಸಿದ ಜಾಗ ನೆನಪಿರಬೇಕು.

ಜೇಮೀ ಲುಗುರಿ ಮತ್ತು ಲಿಯೊರ್ ಸ್ಟ್ರಾಹಿಲೆವಿಟ್ಜ್ 2021ರಲ್ಲಿ ಪ್ರಕಟಿಸಿದ ಪ್ರಯೋಗ ದಾರಿಯ ಉದ್ದವನ್ನೇ ಬದಲಿಸಿ ನೋಡಿತು. ಅಮೆರಿಕದ ಬಳಕೆದಾರರಿಗೆ ದತ್ತಾಂಶ ರಕ್ಷಣೆಯ ಹೆಸರಿನಲ್ಲಿ ಸಂಶಯಾಸ್ಪದ ಸೇವೆಯೊಂದನ್ನು ಒಡ್ಡಲಾಯಿತು. ಒಂದು ಗುಂಪಿಗೆ ಒಪ್ಪು, ನಿರಾಕರಿಸು ಎಂಬ ಎರಡು ಸಮಾನ ಗುಂಡಿಗಳು. ಇನ್ನೊಂದಕ್ಕೆ ಶಿಫಾರಸು ಮಾಡಿದ ‘ಒಪ್ಪು’, ಅದರ ಪಕ್ಕ ಇತರ ಆಯ್ಕೆಗಳೆಂಬ ಮುಸುಕಿನ ಗುಂಡಿ. ಮೂರನೆಯದಕ್ಕೆ ಸಾಲು ಸಾಲು ಪರದೆಗಳು; ಸೆಕೆಂಡುಗಳು ಕಳೆಯುವವರೆಗೆ ಮುಂದಕ್ಕೆ ಬಿಡದ ಗಡಿಯಾರ. ಎರಡನೆಯ ಗುಂಪಿನವರು ಮೊದಲಿನವರಿಗಿಂತ ಎರಡು ಪಟ್ಟಿಗೂ ಹೆಚ್ಚು, ಮೂರನೆಯವರು ಸುಮಾರು ನಾಲ್ಕು ಪಟ್ಟು ಒಪ್ಪಿದರು. ಮೂರನೆಯ ಗುಂಪು ಸಿಟ್ಟಾಯಿತು. ಎರಡನೆಯ ಗುಂಪು ಸಿಟ್ಟಾಗಲಿಲ್ಲ, ಮತ್ತು ಕಡಿಮೆ ಓದಿದವರು ಹೆಚ್ಚು ಸಿಕ್ಕಿಬಿದ್ದದ್ದು ಈ ಮೆದು ಒತ್ತಡಕ್ಕೆ. ಮಾರುಕಟ್ಟೆಯೇ ತಪ್ಪು ತಿದ್ದುತ್ತದೆ ಎನ್ನುವವರು ಇದನ್ನು ಓದಬೇಕು. ಸಿಟ್ಟು ಬಾರದ ಕಡೆ ದೂರು ಬರುವುದಿಲ್ಲ, ದೂರು ಬಾರದ ಕಡೆ ತಿದ್ದುಪಡಿಗೆ ಕಾರಣ ಹುಟ್ಟುವುದಿಲ್ಲ.

ಭಾರತದಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳ ಮಾರ್ಗಸೂಚಿ ಹೊರಡಿಸಿತು. ಬುಟ್ಟಿಗೆ ಕೇಳದ ವಸ್ತು ನುಸುಳಿಸುವುದು, ಬೆಲೆಯನ್ನು ತೊಟ್ಟು ತೊಟ್ಟಾಗಿ ಬಯಲು ಮಾಡುವುದು, ವಿಮೆ ಬೇಡವೆಂದವರಿಗೆ ನಾಚಿಕೆಯಾಗುವಂತೆ ಗುಂಡಿಯ ಮೇಲೆ ಬರೆಯುವುದು, ಚಂದಾ ಬಲೆ, ಎಲ್ಲವೂ ಅದರಲ್ಲಿವೆ. 2025ರ ಜೂನ್‌ನಲ್ಲಿ ಪ್ರಾಧಿಕಾರ ಇ-ಕಾಮರ್ಸ್ ವೇದಿಕೆಗಳಿಗೆ 3 ತಿಂಗಳೊಳಗೆ ಸ್ವಯಂ ತಪಾಸಣೆ ನಡೆಸುವಂತೆ ಸೂಚಿಸಿತು. ಪಟ್ಟಿ ಉಪಯುಕ್ತ. ಆದರೆ ಚಂದಾ ಬಲೆಯ ವಿವರಣೆಯಲ್ಲಿ ರದ್ದತಿ ‘ಸಂಕೀರ್ಣ’ವಾಗಿರಬಾರದು ಎಂದಿದ್ದರೂ, ಎಷ್ಟು ಹೆಜ್ಜೆ ದಾಟಿದರೆ ಸಂಕೀರ್ಣ ಎಂಬುದನ್ನು ತಪಾಸಣೆಗೆ ಒಳಗಾಗುವವರೇ ತೀರ್ಮಾನಿಸಿಕೊಳ್ಳುತ್ತಾರೆ.

ಇದಕ್ಕಿಂತ ಹರಿತವಾದ ಅಳತೆಗೋಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿದೆ. ಒಪ್ಪಿಗೆ ಹಿಂಪಡೆಯುವುದು ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿರಬೇಕು ಎನ್ನುತ್ತದೆ ಅದು. ಇಲ್ಲಿ ಹೋಲಿಕೆಗೆ ಆಧಾರ ಅದೇ ತಾಣದ ಅದೇ ಸೇರ್ಪಡೆಯ ಹಾದಿ, ಆದ್ದರಿಂದ ಹೊರಗಿನ ಮಾನದಂಡ ಬೇಕಿಲ್ಲ. ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷ್‌ನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಕೊಡಬೇಕು ಎಂದೂ ಕಾಯ್ದೆ ಹೇಳುತ್ತದೆ. ಕನ್ನಡ ಓದುಗರಿಗೆ ಇದು ನೇರವಾಗಿ ಸಂಬಂಧಿಸಿದ್ದು. ಸೇರುವ ಗುಂಡಿ ಕನ್ನಡದಲ್ಲಿದ್ದು, ಬಿಡುವ ಷರತ್ತು ಕಾನೂನಿನ ಇಂಗ್ಲಿಷ್‌ನಲ್ಲಿ ಉಳಿದರೆ ಕ್ಲಿಕ್‌ಗಳ ಸಂಖ್ಯೆ ಸಮವಾದರೂ ದಾರಿ ಸಮವಲ್ಲ. ಲುಗುರಿ ಪ್ರಯೋಗದ ಎರಡನೆಯ ಗುಂಪಿನಲ್ಲಿ ಹೆಚ್ಚು ಸಿಕ್ಕಿಬಿದ್ದಂಥವರು ನಮ್ಮಲ್ಲಿ ಯಾರಾಗಿರುತ್ತಾರೆ ಎಂದು ಯೋಚಿಸಿದಾಗ ಈ ಕಲಮಿನ ತೂಕ ಗೊತ್ತಾಗುತ್ತದೆ.

ಪಾವತಿಯ ವಿಷಯದಲ್ಲಿ ಭಾರತ ಬೇರೆಯೇ ದಾರಿ ಹಿಡಿದಿದೆ, ಮತ್ತು ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಾರ್ಡಿನಿಂದ ಪದೇ ಪದೇ ತಾನಾಗಿ ಹಣ ಕಡಿತವಾಗುವುದಾದರೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ಸೂಚನೆ ಹೋಗಬೇಕು, ಅಲ್ಲಿಂದಲೇ ಆ ಕಡಿತವನ್ನು ತಡೆಯಲು ಅವಕಾಶವಿರಬೇಕು. ಮಿತಿ ಮೀರಿದ ಮೊತ್ತಕ್ಕೆ ಹೊಸದಾಗಿ ದೃಢೀಕರಣ ಬೇಕು. ಆ ಮಿತಿ ಆಗ 5,000 ರೂಪಾಯಿ ಇತ್ತು, 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ಯುಪಿಐ ಆಟೋಪೇಯಲ್ಲಿ ಕೊಟ್ಟ ಅನುಮತಿಗಳನ್ನು ಬಳಕೆದಾರ ತನ್ನ ಯುಪಿಐ ಆ್ಯಪ್‌ನಲ್ಲೇ ನೋಡಿ ರದ್ದುಮಾಡಬಹುದು. ಇಲ್ಲಿ ಹೊರಬರುವ ಬಾಗಿಲನ್ನು ಮಾರುವವನ ಕೈಯಿಂದ ತೆಗೆದು ಬ್ಯಾಂಕಿನ ಕಡೆಗೆ ಸರಿಸಲಾಗಿದೆ. ಮಾರುವವನು ಎಷ್ಟು ಪುಟಗಳ ‘ಇಲಿಯಡ್’ ಕಟ್ಟಿದರೂ ಹಣದ ಹರಿವನ್ನು ಬೇರೊಂದು ಕಡೆಯಿಂದ ನಿಲ್ಲಿಸಬಹುದು. ಪುಟ ಕಡಿಮೆ ಮಾಡಿ ಎಂದು ಮಾರುವವನಿಗೆ ಆದೇಶಿಸುವುದಕ್ಕಿಂತ ಇದು ಗಟ್ಟಿಯಾದ ಪರಿಹಾರ ಎಂಬುದು ನನ್ನ ಅಭಿಪ್ರಾಯ.

ಆದರೂ ಹಣ ನಿಂತಿತು ಎಂದರೆ ಒಪ್ಪಂದ ಮುಗಿಯಿತು ಎಂದಲ್ಲ. ಸದಸ್ಯತ್ವ ಹಾಗೆಯೇ ಉಳಿದಿರಬಹುದು, ದತ್ತಾಂಶವಂತೂ ಕಂಪನಿಯ ಬಳಿಯೇ ಇರುತ್ತದೆ. ಆದ್ದರಿಂದ ಒಂದು ಸೇವೆಯನ್ನು ಪರೀಕ್ಷಿಸುವಾಗ ಪಾವತಿಯಿಂದ, ಸದಸ್ಯತ್ವದಿಂದ, ದತ್ತಾಂಶದ ಒಪ್ಪಿಗೆಯಿಂದ ಹೊರಬರುವ ಹಾದಿಗಳನ್ನು ಬೇರೆ ಬೇರೆಯಾಗಿಯೇ ದಾಖಲಿಸಬೇಕು. ಪ್ರತಿಯೊಂದರ ಪಕ್ಕದಲ್ಲಿ ಸೇರುವ ಹಾದಿಯ ಹೆಜ್ಜೆ, ಸಮಯ ಮತ್ತು ಭಾಷೆ ಇರಬೇಕು. ಆ ಕೆಲಸವನ್ನು ಹಣ ಕೊಟ್ಟು ಒಳಹೊಕ್ಕ ನಿಜವಾದ ಖಾತೆಯಿಂದಲೇ, ಮೊದಲ ಕಡಿತ ಆದ ನಂತರ ಮಾಡಬೇಕು.