ತಾರಾಗುಚ್ಛಗಳು ಮತ್ತು ಬಣ್ಣದ ಸಾಕ್ಷಿ

ಬೇಸಗೆಯ ರಾತ್ರಿಗಳಲ್ಲಿ ಅಂಗಳಕ್ಕೆ ಹೊರಸು ತಂದು ಮಲಗುವ ರೂಢಿ ನಮ್ಮ ಬೆಳ್ಳಟ್ಟಿಯ ಕಡೆ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಮೇ ತಿಂಗಳ ಕೊನೆಯಲ್ಲಿ, ರಾತ್ರಿ ಒಂಬತ್ತೂವರೆಯ ಸುಮಾರಿಗೆ, ಚಿತ್ರಾ ನಕ್ಷತ್ರವು ನೆತ್ತಿಯಿಂದ ದಕ್ಷಿಣಕ್ಕೆ ಸರಿದು ನಿಂತಿರುತ್ತದೆ. ಅಲ್ಲಿಂದ ನೇರವಾಗಿ ಕೆಳಕ್ಕೆ, ತುಂಗಭದ್ರೆಯ ದಿಕ್ಕಿಗೆ ದೃಷ್ಟಿಯನ್ನಿಳಿಸಿದರೆ, ತ್ರಿಶಂಕುವಿಗಿಂತ ಮೇಲೆ, ತುಸು ಎಡಕ್ಕೆ, ಮಂಜು ಹಿಡಿದಂತಹ ಒಂದು ಮಂದ ಚುಕ್ಕೆ ಕಾಣುತ್ತದೆ. ಇತ್ತೀಚೆಗೆ ಊರಿನ ಬೀದಿದೀಪಗಳ ಬೆಳಕು ಹೆಚ್ಚಿ ಅದನ್ನು ಹುಡುಕುವುದು ಕಷ್ಟವಾಗಿದೆ. ಹೊಲದ ಬದುವಿಗೆ ಹೋಗಿ ನಿಂತರೆ ಇಂದಿಗೂ ಕಂಡೀತು. ಅದರ ಹೆಸರು ಒಮೇಗಾ ಸೆಂಟಾರಿ. ಅದು ಒಂದು ನಕ್ಷತ್ರವಲ್ಲ. ಸುಮಾರು ಒಂದು ಕೋಟಿ ನಕ್ಷತ್ರಗಳು ಗೋಳಾಕಾರದಲ್ಲಿ ಒತ್ತೊತ್ತಾಗಿ ನೆರೆದ ಗುಚ್ಛ, ನಮ್ಮಿಂದ ಸುಮಾರು 17,000 ಜ್ಯೋತಿರ್ವರ್ಷಗಳ ದೂರದಲ್ಲಿದೆ.

ನಾನು ಓದಿದ್ದು ಕನ್ನಡ ಎಂ.ಎ. ಖಗೋಲವಿಜ್ಞಾನದ ಬಗೆಗೆ ಮಾತನಾಡುವ ಅಧಿಕಾರ ನಿಮಗೇನಿದೆ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ಆದರೆ ಈ ಗುಚ್ಛಗಳ ಕುರಿತು ಮನುಷ್ಯನ ತಿಳಿವಳಿಕೆ ಬದಲಾದ ಬಗೆಗೆ ಒಂದು ಚರಿತ್ರೆಯಿದೆ. ಅದರ ಇತ್ತೀಚಿನ ಕೆಲವು ಪುಟಗಳು ಬೆಂಗಳೂರಿನಲ್ಲಿಯೂ ಹೊಸಕೋಟೆಯಲ್ಲಿಯೂ ಬರೆಯಲ್ಪಟ್ಟಿವೆ. ಆ ಚರಿತ್ರೆಯನ್ನಷ್ಟೇ ಹೇಳುತ್ತೇನೆ.

ಪ್ರಾಚೀನ ಗ್ರೀಕರ ಪಟ್ಟಿಯಲ್ಲಿ ಒಮೇಗಾ ಸೆಂಟಾರಿ ಬರಿಯ ನಕ್ಷತ್ರವಾಗಿತ್ತು. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿದ್ದ ಎಡ್ಮಂಡ್ ಹ್ಯಾಲಿ ಇದು ನಕ್ಷತ್ರದಂತಿಲ್ಲವೆಂದು ಕಂಡನು. 1830ರ ದಶಕದಲ್ಲಿ ಜಾನ್ ಹರ್ಷೆಲ್ ಅದರ ಮಂಜನ್ನು ಬಿಡಿ ನಕ್ಷತ್ರಗಳಾಗಿ ಬಿಡಿಸಿ ನೋಡಿದನು. ನಮ್ಮ ಆಕಾಶಗಂಗೆಯ ಸುತ್ತ ಇಂತಹ 150ಕ್ಕೂ ಹೆಚ್ಚು ಗುಚ್ಛಗಳಿವೆ. ಅವುಗಳ ಹಂಚಿಕೆಯನ್ನು ನೋಡಿಯೇ, 1918ರಲ್ಲಿ ಹಾರ್ಲೋ ಶಾಪ್ಲಿ, ಸೂರ್ಯನು ಆಕಾಶಗಂಗೆಯ ನಡುವಿನಲ್ಲಿಲ್ಲ, ಎಲ್ಲಿಯೋ ಅಂಚಿನ ಕಡೆಗಿದ್ದಾನೆ ಎಂದು ತೋರಿಸಿದನು.

ಇನ್ನು ಬಣ್ಣದ ಮಾತು. ಬೆಟಗೇರಿಯಲ್ಲಿ ಸೀರೆ ಕೊಳ್ಳಲು ಹೋದ ಹೆಣ್ಣುಮಕ್ಕಳು ಅಂಗಡಿಯ ದೀಪವನ್ನು ನಂಬುವುದಿಲ್ಲ. ಸೆರಗನ್ನು ಹಿಡಿದುಕೊಂಡು ಬಾಗಿಲಿಗೆ ಬಂದು ಬಿಸಿಲಿನಲ್ಲಿ ನೋಡುತ್ತಾರೆ. ದೀಪದ ಬೆಳಕಿನಲ್ಲಿ ಒಂದೇ ಬಣ್ಣವೆಂದು ಕಂಡ ಎರಡು ನೂಲುಗಳು ಬಿಸಿಲಿನಲ್ಲಿ ಬೇರೆಬೇರೆಯಾಗುತ್ತವೆ. ಬೇರೆಬೇರೆ ಬಣ್ಣದ ಶೋಧಕಗಳ ಮೂಲಕ ಒಂದೊಂದು ನಕ್ಷತ್ರದ ಪ್ರಕಾಶವನ್ನು ಅಳೆಯುವ ವಿದ್ಯೆಯ ತಿರುಳು ಇಷ್ಟೇ. ನೀಲಿ ಶೋಧಕದಲ್ಲಿ ಎಷ್ಟು ಬೆಳಕು ಬಂದಿತು, ಹಳದಿ ಶೋಧಕದಲ್ಲಿ ಎಷ್ಟು ಬಂದಿತು ಎಂಬ ವ್ಯತ್ಯಾಸವೇ ನಕ್ಷತ್ರದ ಬಣ್ಣ. ಬಣ್ಣದಿಂದ ಅದರ ಉಷ್ಣತೆ ತಿಳಿಯುತ್ತದೆ. ಒಂದು ಕಡೆ ಬಣ್ಣ, ಇನ್ನೊಂದು ಕಡೆ ಪ್ರಕಾಶ ಇಟ್ಟು ನಕ್ಷೆ ಬರೆದರೆ ಗುಚ್ಛದ ನಕ್ಷತ್ರಗಳು ಅಲ್ಲಲ್ಲಿ ಚೆಲ್ಲದೆ, ಗೆರೆ ಎಳೆದಂತೆ ಸಾಲಾಗಿ ನಿಲ್ಲುತ್ತವೆ.

1950ರ ದಶಕದ ಆರಂಭದಲ್ಲಿ ಅಮೆರಿಕದ ಪಾಲೋಮಾರ್ ಮುಂತಾದ ವೇಧಶಾಲೆಗಳ ದೊಡ್ಡ ದೂರದರ್ಶಕಗಳಿಂದ ಇಂತಹ ನಕ್ಷೆಗಳು ಬಂದಾಗ ಆ ಸಾಲು ಎಷ್ಟು ತೆಳುವಾಗಿತ್ತೆಂದರೆ, ಒಂದು ಗುಚ್ಛದ ನಕ್ಷತ್ರಗಳೆಲ್ಲವೂ ಒಂದೇ ಮೋಡದಿಂದ, ಒಂದೇ ಕಾಲಕ್ಕೆ ಹುಟ್ಟಿದ ಒಡಹುಟ್ಟುಗಳೆಂಬ ಮಾತು ಸಿದ್ಧಾಂತವಾಗಿ ಹೋಯಿತು. ಅವುಗಳ ವಯಸ್ಸು 1,200 ಕೋಟಿ ವರ್ಷಗಳ ಆಸುಪಾಸು. ನಕ್ಷತ್ರಗಳ ಬಾಳಿನ ಲೆಕ್ಕವನ್ನು ಪಂಡಿತರು ಈ ನಂಬಿಕೆಯ ಮೇಲೆಯೇ ಕಟ್ಟಿದರು. ಆದರೆ ಅಪವಾದಗಳು ಆಗಲೇ ಇದ್ದವು. ಎಂ 3 ಎಂಬ ಗುಚ್ಛದಲ್ಲಿ, ಇಷ್ಟು ವಯಸ್ಸಿಗೆ ಇರಬಾರದಷ್ಟು ನೀಲಿಯಾದ, ಯೌವನದ ಕಳೆಯುಳ್ಳ ಕೆಲವು ನಕ್ಷತ್ರಗಳನ್ನು 1953ರಲ್ಲಿ ಆಲನ್ ಸ್ಯಾಂಡೇಜ್ ಗುರುತಿಸಿದನು. 1973ರಲ್ಲಿ ಕ್ಯಾನನ್ ಮತ್ತು ಸ್ಟೋಬಿ ನಮ್ಮ ಒಮೇಗಾ ಸೆಂಟಾರಿಯ ಕೆಂಪು ದೈತ್ಯತಾರೆಗಳ ಸಾಲು ಇರಬೇಕಾದುದಕ್ಕಿಂತ ಅಗಲವಾಗಿದೆ ಎಂದರು. ಇದೊಂದು ವಿಚಿತ್ರ ಗುಚ್ಛ, ಉಳಿದವು ಹಾಗಲ್ಲ ಎಂದು ಬಹುಮಂದಿ ಸಮಾಧಾನ ಮಾಡಿಕೊಂಡರು. ನಮ್ಮ ಸಾಹಿತ್ಯಚರಿತ್ರೆಕಾರರೂ ಒಗ್ಗದ ಶಾಸನವೊಂದು ಸಿಕ್ಕಾಗ ಹೀಗೆಯೇ ಮಾಡುತ್ತಾರೆ.

ಆ ಸಮಾಧಾನ ಬಹುಕಾಲ ಉಳಿಯಲಿಲ್ಲ. ಹಬಲ್ ದೂರದರ್ಶಕದ ಅಳತೆಗಳಿಂದ 2004ರಲ್ಲಿ ಒಮೇಗಾ ಸೆಂಟಾರಿಯ ಮುಖ್ಯ ಸಾಲೇ ಎರಡಾಗಿ ಸೀಳಿರುವುದು ಸ್ಪಷ್ಟವಾಯಿತು. 2007ರಲ್ಲಿ ಎನ್‌ಜಿಸಿ 2808 ಎಂಬ ಗುಚ್ಛದಲ್ಲಿ ಮೂರು ಸಾಲುಗಳು ಕಂಡವು. ಇಂತಹ ಸಾಲುಗಳನ್ನು ಬೇರ್ಪಡಿಸಲು ಮುಂದೆ ಹೆಚ್ಚು ನೆರವಾದದ್ದು ಅತಿನೇರಳೆ ಬೆಳಕು. ಆಮ್ಲಜನಕ, ಸಾರಜನಕ, ಇಂಗಾಲಗಳನ್ನೊಳಗೊಂಡ ಅಣುಗಳು ನಕ್ಷತ್ರದ ಬೆಳಕನ್ನು ನುಂಗುವುದು ಹೆಚ್ಚಾಗಿ ಅತಿನೇರಳೆ ಮತ್ತು ನೀಲಿಯ ಭಾಗದಲ್ಲಿ. ಸಾರಜನಕ ಹೆಚ್ಚಿ ಆಮ್ಲಜನಕ ಕಡಿಮೆಯಾದ ನಕ್ಷತ್ರವು ಒಂದು ಶೋಧಕದಲ್ಲಿ ಮಂಕಾಗಿಯೂ ಮತ್ತೊಂದರಲ್ಲಿ ಉಜ್ವಲವಾಗಿಯೂ ಕಾಣುತ್ತದೆ. ಹಳದಿ ಬೆಳಕಿನಲ್ಲಿ ಒಂದೇ ಎಂದು ತೋರಿದ್ದವು ಹೀಗೆ ಬೇರೆ ಪೀಳಿಗೆಗಳಾದವು. 2015ರಲ್ಲಿ ಪ್ರಕಟವಾದ 57 ಗುಚ್ಛಗಳ ಸಮೀಕ್ಷೆ, ಇದು ಒಂದೆರಡರ ವೈಚಿತ್ರ್ಯವಲ್ಲವೆಂಬುದನ್ನು ಸಂದೇಹಕ್ಕೆಡೆಯಿಲ್ಲದಂತೆ ಮಾಡಿತು.

ಅತಿನೇರಳೆಯ ಬಹುಭಾಗವನ್ನು ನಮ್ಮ ವಾತಾವರಣದ ಓಝೋನ್ ತಡೆದುಬಿಡುತ್ತದೆ. ಬೆಟ್ಟದ ಮೇಲೆ ಎಂತಹ ದೂರದರ್ಶಕವಿಟ್ಟರೂ ಪ್ರಯೋಜನವಿಲ್ಲ, ಆಕಾಶಕ್ಕೇ ಏರಬೇಕು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಏರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅಂತಹ ಉಪಕರಣವಿತ್ತು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತವಿಜ್ಞಾನ ಸಂಸ್ಥೆಯು ಇತರ ಸಂಸ್ಥೆಗಳೊಡಗೂಡಿ, ಹೊಸಕೋಟೆಯ ತನ್ನ ಆವರಣದಲ್ಲಿ ಅದನ್ನು ಜೋಡಿಸಿತ್ತು. ಸುಮಾರು 38 ಸೆಂಟಿಮೀಟರ್ ವ್ಯಾಸದ ಎರಡು ಅವಳಿ ದೂರದರ್ಶಕಗಳು. ಗಾತ್ರದಲ್ಲಿ ಹಬಲ್‌ನ ಮುಂದೆ ಕೂಸು. ಆದರೆ ಹಬಲ್ ಒಮ್ಮೆಗೆ ಗುಚ್ಛದ ತಿರುಳನ್ನಷ್ಟೇ ಕಂಡರೆ, ಇದು ಹುಣ್ಣಿಮೆಯ ಚಂದ್ರನಷ್ಟು ಅಗಲದ ಆಕಾಶವನ್ನು ಒಂದೇ ನೋಟದಲ್ಲಿ ಹಿಡಿಯುತ್ತದೆ. ಗುಚ್ಛದ ಅಂಚಿನಲ್ಲಿ ಯಾರಿದ್ದಾರೆಂಬುದು ಇದಕ್ಕೆ ತಿಳಿಯುತ್ತದೆ.

ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ಅವರ ಸಹೋದ್ಯೋಗಿಗಳು 2017ರಲ್ಲಿ ಕಪೋತ ರಾಶಿಯ ಎನ್‌ಜಿಸಿ 1851 ಗುಚ್ಛದ ಬಿಸಿ ನಕ್ಷತ್ರಗಳನ್ನು ಹಲವು ಶೋಧಕಗಳಿಂದ ಅಳೆದು ಪ್ರಕಟಿಸಿದರು. ನನಗೆ ಹೆಚ್ಚು ಹಿಡಿಸಿದ್ದು 2019ರ ಶೋಧ. ಎನ್‌ಜಿಸಿ 5466 ಎಂಬ ವಿರಳವಾದ ಗುಚ್ಛದ ಅಂಚಿನಲ್ಲಿ, ಸ್ಯಾಂಡೇಜ್ ಕಂಡಂತಹದೇ ಒಂದು ನೀಲಿ ನಕ್ಷತ್ರಕ್ಕೆ ಬಿಸಿಯಾದ ಶ್ವೇತಕುಬ್ಜವೊಂದು ಜೊತೆಗಾರನಾಗಿರುವುದನ್ನು ಸ್ನೇಹಲತಾ ಸಾಹು ಮತ್ತು ಸಂಗಡಿಗರು ಅತಿನೇರಳೆಯಲ್ಲಿ ಪತ್ತೆಹಚ್ಚಿದರು. ಕುಬ್ಜವು ಹಿಂದೆ ದೊಡ್ಡ ತಾರೆಯಾಗಿದ್ದಾಗ ತನ್ನ ದ್ರವ್ಯವನ್ನು ಸಂಗಾತಿಗೆ ಸುರಿದು ತಾನು ಬೂದಿಯಾಗಿದೆ. ಸಂಗಾತಿಯ ಯೌವನ ಹಾಗೆ ಬಂದದ್ದು. 1953ರ ಒಗಟಿಗೆ ಒಂದು ಉತ್ತರ ಕಣ್ಣಾರೆ ಸಿಕ್ಕಿತು.

ಪೀಳಿಗೆಗಳ ಒಗಟು ಮಾತ್ರ ಬಿಡಿಸಿಲ್ಲ. ಮೊದಲ ಪೀಳಿಗೆಯ ನಕ್ಷತ್ರಗಳು ಉಗುಳಿದ ಅನಿಲದಿಂದ ಎರಡನೆಯದು ಹುಟ್ಟಿತೆಂದರೆ, ಅಷ್ಟೊಂದು ಅನಿಲ ಎಲ್ಲಿಂದ ಬಂತೆಂಬ ಲೆಕ್ಕ ಕೂಡಿಬರುವುದಿಲ್ಲ. ಅವಳಿಗಳಲ್ಲಿ ಸಮೀಪ-ಅತಿನೇರಳೆಯ ಕಣ್ಣು 2018ರಲ್ಲಿ ನಿಂತುಹೋಯಿತು. ದೂರ-ಅತಿನೇರಳೆಯ ಕಣ್ಣು ಕೆಲಸ ಮುಂದುವರಿಸಿತು, 2022ರಲ್ಲಿ ಎಂಟು ಗುಚ್ಛಗಳ ಅಳತೆಗಳ ಪಟ್ಟಿಯೂ ಹೊರಬಂದಿತು. ಒಂದು ಮೀಟರ್ ವ್ಯಾಸದ ಮತ್ತೊಂದು ಅತಿನೇರಳೆ ದೂರದರ್ಶಕವನ್ನು ಏರಿಸುವ ಪ್ರಸ್ತಾವವನ್ನು ಕೋರಮಂಗಲದವರೇ ಮುಂದಿಟ್ಟಿದ್ದಾರೆ. ಅದಕ್ಕೆ ಇನ್‌ಸಿಸ್ಟ್ ಎಂದು ಹೆಸರಿಟ್ಟಿದ್ದಾರೆ.