ಒಂದು ಕಿಲೋದ ಅಂತರ

ಭಾರ ಎತ್ತುವವರೆಂದರೆ ದೈತ್ಯ ಮೈಕಟ್ಟಿನವರೇ ಆಗಿರಬೇಕು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಕಾಂದಿವಲಿಯಲ್ಲಿ ನಮ್ಮ ಕರಾವಳಿಯವರ ನಡುವೆ ಗುರುರಾಜ ಪೂಜಾರಿಯ ಮಾತು ಬಂದಾಗಲೂ ‘ಅಷ್ಟು ಸಣ್ಣ ಆಳು ಎಷ್ಟು ಎತ್ತಿಯಾನು?’ ಎಂದವರನ್ನು ಕಂಡಿದ್ದೇನೆ.

ಒಂದು ಕಾಲಕ್ಕೆ ಈ ಆಟವೂ ಹಾಗೆಯೇ ಯೋಚಿಸುತ್ತಿತ್ತು. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ದೇಹತೂಕದ ವಿಭಾಗಗಳೇ ಇರಲಿಲ್ಲ. ಸಣ್ಣವನೂ ದೊಡ್ಡವನೂ ಒಂದೇ ಸ್ಪರ್ಧೆಯಲ್ಲಿ ಸೆಣಸಬೇಕಿತ್ತು. 1920ರ ಆಂಟ್ವರ್ಪ್‌ನಲ್ಲಿ ಐದು ವಿಭಾಗಗಳಾದವು. ಸಣ್ಣ ದೇಹದವರಿಗೆ ಒಲಿಂಪಿಕ್ಸ್‌ನ ಬಾಗಿಲು ತೆರೆದದ್ದು ಆಗಲೇ.

ಗುರುರಾಜ ಕುಂದಾಪುರ ಕಡೆಯ ಚಿತ್ತೂರಿನವರು. ತಂದೆ ವಾಹನ ಚಾಲಕ, ದೊಡ್ಡ ಸಂಸಾರ. 2008ರಲ್ಲಿ ಸುಶೀಲ್ ಕುಮಾರ್ ಬೀಜಿಂಗ್‌ನಲ್ಲಿ ಪದಕ ಗೆದ್ದದ್ದನ್ನು ನೋಡಿ ಹುಡುಗನಿಗೆ ಕುಸ್ತಿಯ ಹುಚ್ಚು ಹಿಡಿಯಿತು. ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಬಂದಾಗ ತರಬೇತುದಾರ ರಾಜೇಂದ್ರ ಪ್ರಸಾದ್ ಅವರು ಭಾರ ಎತ್ತುವ ಕಡೆಗೆ ತಿರುಗಿಸಿದರು. ಅದು 2010. ಮುಂದೆ ಸೈನ್ಯಕ್ಕೆ ಸೇರಲು ಹೋದರೆ ಎತ್ತರ ಸಾಲದು ಎಂದರು. ವಾಯುಪಡೆಯಲ್ಲಿ ಎತ್ತರಕ್ಕೆ ರಿಯಾಯಿತಿ ಇತ್ತು, ಕೆಲಸ ಸಿಕ್ಕಿತು. ಹೊಟ್ಟೆಗೆ ಸರಿಯಾಗಿ ಬೀಳದೆ ಭಾರ ಏಳುವುದಿಲ್ಲ. ತಿಂಗಳ ಸಂಬಳ ಬರತೊಡಗಿದ್ದು ಆ ಮನೆಗೂ ಈ ಆಟಕ್ಕೂ ದೊಡ್ಡ ಆಸರೆ.

2018ರ ಏಪ್ರಿಲ್ 5, ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟ, 56 ಕಿಲೋ ವಿಭಾಗ. ಒಂದೇ ಎಳೆತಕ್ಕೆ ತಲೆಯ ಮೇಲೆತ್ತುವ ಸ್ನ್ಯಾಚ್‌ನಲ್ಲಿ 111 ಕಿಲೋ ಆಯಿತು. ಮೊದಲು ಹೆಗಲಿಗೆ, ಅಲ್ಲಿಂದ ಮೇಲಕ್ಕೆ ಎತ್ತುವ ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ ಮೊದಲ ಎರಡು ಯತ್ನಗಳೂ ವಿಫಲ. ಉಳಿದದ್ದು ಒಂದೇ. ಅದೂ ತಪ್ಪಿದ್ದರೆ ಎತ್ತಿದ 111 ಕಿಲೋಗೂ ಬೆಲೆ ಇಲ್ಲ, ಒಟ್ಟು ಮೊತ್ತವೇ ಇರುವುದಿಲ್ಲ. ಮೂರನೆಯ ಸಲ 138 ಕಿಲೋ ಮೇಲೆದ್ದಿತು. ಒಟ್ಟು 249. ಆ ಕೂಟದಲ್ಲಿ ಭಾರತದ ಮೊದಲ ಪದಕ ಈ ಬೆಳ್ಳಿಯೇ. ಕಂಚು ಪಡೆದ ಶ್ರೀಲಂಕಾದ ಸ್ಪರ್ಧಿಯದು 248.

ಅದೇ ವರ್ಷ ಅಂತರರಾಷ್ಟ್ರೀಯ ಒಕ್ಕೂಟ ವಿಭಾಗಗಳನ್ನು ಬದಲಿಸಿತು. 56 ಕಿಲೋ ವಿಭಾಗವೇ ಇಲ್ಲವಾಯಿತು. ಗೆದ್ದವನ ಕಾಲ ಕೆಳಗಿನ ಹಲಗೆಯನ್ನೇ ಎಳೆದಂತೆ. ಗುರುರಾಜ 61 ಕಿಲೋ ವಿಭಾಗಕ್ಕೆ ಏರಿದರು. 2022ರ ಜುಲೈ 30ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ 118 ಮತ್ತು 151, ಒಟ್ಟು 269 ಕಿಲೋ ಎತ್ತಿ ಕಂಚು ಗೆದ್ದರು. ನಾಲ್ಕನೆಯವನಾದ ಕೆನಡಾದ ಸ್ಪರ್ಧಿಯದು 268. ನಾಲ್ಕು ವರ್ಷಗಳ ಅಂತರದಲ್ಲಿ ಎರಡು ಪದಕ, ಎರಡು ಸಲವೂ ಹಿಂದಿನವನಿಗಿಂತ ಒಂದೇ ಕಿಲೋ ಹೆಚ್ಚು.

ಈಗ ಹೆವಿವೇಟಿನ ಮಾತು. ಜಾರ್ಜಿಯಾದ ಲಾಶಾ ತಲಖಾಜೆ 2021ರ ಡಿಸೆಂಬರ್‌ನಲ್ಲಿ ತಾಷ್ಕೆಂಟ್‌ನಲ್ಲಿ 267 ಕಿಲೋ ಎತ್ತಿ ವಿಶ್ವದಾಖಲೆ ಬರೆದರು. ಅವರ ಮೈತೂಕ ಸುಮಾರು 180 ಕಿಲೋ, ಅಂದರೆ ಎತ್ತಿದ್ದು ತಮ್ಮ ತೂಕದ ಒಂದೂವರೆ ಪಟ್ಟು. ಗುರುರಾಜರ 151 ಕಿಲೋ ಹೆಚ್ಚುಕಡಿಮೆ ಎರಡೂವರೆ ಪಟ್ಟು. ಐವತ್ತು ಕಿಲೋದ ಅಕ್ಕಿ ಮೂಟೆ ಮೂರನ್ನು ಒಟ್ಟಿಗೆ ತಲೆಯ ಮೇಲೆ ಎತ್ತಿ ಹಿಡಿದಂತೆ.

ಇಲ್ಲಿ ಕಾಂದಿವಲಿ ಪೂರ್ವದ ಆಕುರ್ಲಿ ರಸ್ತೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ. ಅದರ ಎದುರಿನಿಂದ ದಿನವೂ ಓಡಾಡುವ ನಮ್ಮವರು ‘ನಮ್ಮ ಹುಡುಗ ಕುಳ್ಳ, ಅವನಿಗೆ ಆಟವೆಲ್ಲ ಆಗದು’ ಎನ್ನುವುದನ್ನು ಕೇಳಿದ್ದೇನೆ. ಉಜಿರೆಯಲ್ಲಿ ಹುಡುಗನನ್ನು ನೋಡಿ ಬೇರೆಯೇ ಲೆಕ್ಕ ಹಾಕಿದ ಮೇಷ್ಟ್ರು ಒಬ್ಬರಿದ್ದರು. ಹಾಗೆ ಲೆಕ್ಕ ಹಾಕುವವರು ಪ್ರತಿ ಶಾಲೆಗೆ ಒಬ್ಬರಿದ್ದರೂ ಸಾಕು.